ಇನಿದನಿಯ ಋಣ

ಹಿತವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಬಿಸಿಲಿನಲ್ಲಿ ನಡೆದು ಬಂದವನಿಗೆ ಬೇವಿನ ನೆರಳು ಹಿತವಾಯಿತೆಂದರೆ ಅದು ಸುಖವನ್ನು ಕೊಟ್ಟಿತೆಂದು ಅರ್ಥ. ವೈದ್ಯನು ಪಥ್ಯವನ್ನು ವಿಧಿಸಿ ಇದು ನಿನಗೆ ಹಿತವೆಂದರೆ ಅದು ಒಳ್ಳೆಯದನ್ನು ಮಾಡತಕ್ಕದ್ದೆಂದು ಅರ್ಥ. ಕಠೋಪನಿಷತ್ತು ಶ್ರೇಯಸ್ಸು ಬೇರೆ ಪ್ರೇಯಸ್ಸು ಬೇರೆ ಎಂದು ಎರಡನ್ನೂ ಬಿಡಿಸಿಟ್ಟಿತು. ನಮ್ಮ ಜನ ಎರಡಕ್ಕೂ ಒಂದೇ ಶಬ್ದವನ್ನು ಬಳಸುತ್ತ ಬಂದರು. ಇದು ಭಾಷೆಯ ಅಜಾಗರೂಕತೆಯೋ, ಅಥವಾ ಅದರೊಳಗೆ ಒಂದು ವಿವೇಕ ಅಡಗಿದೆಯೋ? ಈ ಪ್ರಶ್ನೆಯನ್ನು ಶಾಸ್ತ್ರದ ಎತ್ತರದಲ್ಲಿ ವಿಚಾರಿಸುವುದಕ್ಕಿಂತ, ಮನೆಯ ಗೂಡಿನಲ್ಲಿ ಕುಳಿತು ಹಾಡುವ ರೇಡಿಯೋವನ್ನು ಎದುರಿಗಿಟ್ಟುಕೊಂಡು ವಿಚಾರಿಸುವುದು ಲೇಸು. ಏಕೆಂದರೆ ಹಿತವಾದ ಸಂಗೀತವೆಂದು ನಾವು ಹೇಳುವಾಗ ಯಾವ ಹಿತವನ್ನು ಕುರಿತು ಹೇಳುತ್ತೇವೆಂಬುದು ನಮಗೇ ಸ್ಪಷ್ಟವಾಗಿರುವುದಿಲ್ಲ.

ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಓದುಬಲ್ಲ ಮನೆಗಳಲ್ಲಿ ಒಂದು ಬಗೆಯ ಶ್ರೋತೃಗಳುಂಟು. ಅವರು ವಿದ್ವಾಂಸರಲ್ಲ. ರಾಗದ ಹೆಸರನ್ನು ಕೇಳಿದರೆ ನಾಲ್ಕಾರನ್ನು ಹೇಳಬಲ್ಲರು, ಅಷ್ಟೆ. ಬೆಳಗಿನ ಹೊತ್ತು ದಾಸರ ಪದ, ಅದರ ಬೆನ್ನಿಗೆ ವೀಣೆ, ಊಟದ ಹೊತ್ತಿಗೆ ಚಿತ್ರಗೀತೆ, ಸಂಜೆಗೆ ಜನಪದ ಗೀತೆ, ರಾತ್ರಿಗೆ ಭಾವಗೀತೆಯೋ ಹಿಂದುಸ್ತಾನಿಯ ಒಂದು ಆಲಾಪವೋ. ನಡುವೆ, ರಾಯದುರ್ಗ ಕೂಗಳತೆಯಲ್ಲಿರುವ ಮೊಳಕಾಲ್ಮೂರಿನಂಥ ಗಡಿಯ ಊರಾದರೆ, ತೆಲುಗಿನ ಒಂದು ಹಾಡು. ಇವೆಲ್ಲವನ್ನೂ ಅವರು ಒಂದೇ ಆದರದಿಂದ ಕೇಳುವರು. ವಿಧಿಸುವ ಷರತ್ತು ಒಂದೇ. ದನಿ ಮೆಲುವಾಗಿರಬೇಕು, ಕಿವಿಯನ್ನು ಚುಚ್ಚಬಾರದು, ಮನಸ್ಸನ್ನು ಎಳೆದಾಡಬಾರದು. ಇಂಥವರನ್ನು ನಾವು ರಸಿಕರೆನ್ನಬಹುದೇ, ಬರಿಯ ಸುಖಿಗಳೆನ್ನಬೇಕೇ? ಇವರ ಸಂತೋಷವು ನಿರ್ದೋಷವಾದದ್ದೇ? ಇದರ ಮೇಲೆ ಮೂರು ಆಕ್ಷೇಪಗಳು ಬರಬಹುದಾಗಿದೆ. ಅವನ್ನು ಒಂದೊಂದಾಗಿ ನೋಡೋಣ.

ಅದಕ್ಕೆ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿಡತಕ್ಕದ್ದಿದೆ. ಮೆಲುದನಿಯ ಸಂಗೀತವು ಬಹುಜನಕ್ಕೆ ದೊರೆಯುವಂತಾದದ್ದು ಬಹಳ ಹಿಂದಿನ ಮಾತಲ್ಲ. ಹಿಂದೆ ಬಯಲಿನಲ್ಲಿ ಕೇಳಬೇಕಾದ ನಾದವೆಲ್ಲ ಗಟ್ಟಿಯಾಗಿಯೇ ಇರಬೇಕಾಗಿತ್ತು: ದೇವರ ಉತ್ಸವದ ನಾಗಸ್ವರ, ಜಾತ್ರೆಯ ಉರುಮೆ ತಮಟೆ, ಕಂಪನಿ ನಾಟಕದ ನಟನ ತಾರಸ್ಥಾಯಿಯ ಕಂದಪದ್ಯ. ಕಡೆಯ ಸಾಲಿನಲ್ಲಿ ಚಾಪೆ ಹಾಸಿ ಕುಳಿತವನಿಗೂ ಮುಟ್ಟಬೇಕಾದರೆ ನಟನು ಕೊರಳೆತ್ತಲೇಬೇಕು. ಪಿಟೀಲು ಚೌಡಯ್ಯನವರು ತಮ್ಮ ವಾದ್ಯಕ್ಕೆ ಹೆಚ್ಚಿನ ತಂತಿಗಳನ್ನು ಬಿಗಿದು ಏಳು ತಂತಿಗಳ ಪಿಟೀಲನ್ನು ಮಾಡಿಕೊಂಡದ್ದು ಇದೇ ಕಷ್ಟದಿಂದ. ದೊಡ್ಡ ಸಭೆಯ ಹಿಂದಿನ ಸಾಲುಗಳಿಗೂ ನಾದ ತಲುಪಲೆಂಬುದೇ ಅವರ ಉದ್ದೇಶ. ಮೆಲ್ಲನೆಯ ಸಂಗೀತಕ್ಕಿದ್ದ ಜಾಗ ಚಿಕ್ಕದು. ವೀಣೆಗೆ ಅರಮನೆಯ ಒಳಕೋಣೆ. ಲಾಲಿಗೆ ತೊಟ್ಟಿಲಿನ ಪಕ್ಕ. ಬೀಸುವ ಪದಕ್ಕೆ ಕಲ್ಲಿನ ಮುಂದೆ ಕುಳಿತ ಇಬ್ಬರು ಹೆಂಗಸರು.

ಮೈಕೂ ರೇಡಿಯೋವೂ ಈ ವ್ಯವಸ್ಥೆಯನ್ನು ಬದಲಾಯಿಸಿದುವು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಯಂತ್ರವನ್ನಿಟ್ಟು ಆಕಾಶವಾಣಿಯನ್ನು ಆರಂಭಿಸಿದರು. ಮುಂದೆ 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ, ಆಮೇಲೆ ನಮ್ಮ ಚಿತ್ರದುರ್ಗ, ಹೀಗೆ ಕೇಂದ್ರಗಳು ಹುಟ್ಟಿದುವು. ಮೆಲ್ಲಗೆ ನುಡಿದದ್ದು ದೂರಕ್ಕೆ ಕೇಳಿಸುವುದೆಂಬ ಅದ್ಭುತವು ದಿನದ ಮಾತಾಯಿತು. ಬೆಂಗಳೂರು ಕೇಂದ್ರದಲ್ಲಿ ಬಹುಕಾಲ ಕೆಲಸಮಾಡಿದ ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯು ಅರಮನೆಯ ಒಳಕೋಣೆಯಿಂದ ಹೊರಟು ಕಡಲೆಕಾಯಿ ಮಂಡಿಯ ಗುಮಾಸ್ತನ ಮನೆಗೆ ಬಂದಿತು. ಕಾಕಿನಾಡದಲ್ಲಿ ಹುಟ್ಟಿ ಕನ್ನಡದ ಮನೆಮಗನಾದ ಪಿ. ಬಿ. ಶ್ರೀನಿವಾಸರು ಕಿವಿಯ ಬಳಿ ನಿಂತು ಮಾತಾಡುವವರಂತೆ ಹಾಡಿದರು. ಪಿ. ಕಾಳಿಂಗರಾಯರು ಕವಿಗಳ ಗೀತಗಳನ್ನು ಪುಸ್ತಕದಿಂದೆತ್ತಿ ಜನರ ಬಾಯಿಗೆ ಕೊಟ್ಟರು. ವೀಣೆಯ ವಂಶ ಬೇರೆ, ಚಿತ್ರಗೀತೆಯ ವಂಶ ಬೇರೆ, ಭಾವಗೀತೆಯ ವಂಶ ಬೇರೆ. ಆದರೆ ಮೂರೂ ಒಂದೇ ಬಾಗಿಲಿನಿಂದ ಮನೆಯೊಳಕ್ಕೆ ಬಂದುವು. ಆ ಬಾಗಿಲು ಮೆಲುದನಿಗೆ ಅನುಕೂಲವಾಗಿತ್ತು. ಆದಕಾರಣ ನಮ್ಮ ಶ್ರೋತೃವು ಜಾತಿಯನ್ನು ನೋಡದೆ ಗುಣವನ್ನು ಮೆಚ್ಚಿದನೆಂದರೆ ಅದಕ್ಕೆ ಕಾರಣವುಂಟು.

ಈಗ ಮೊದಲನೆಯ ಆಕ್ಷೇಪ. ಇದು ವಿದ್ವಾಂಸನದು. ತಾರತಮ್ಯವಿಲ್ಲದ ಮೆಚ್ಚುಗೆ ಮೆಚ್ಚುಗೆಯೇ ಅಲ್ಲವೆಂದು ಅವನ ವಾದ. ವರುಷಗಟ್ಟಲೆ ಸಾಧಿಸಿದ ತೋಡಿಯ ಆಲಾಪವನ್ನೂ ಮೂರು ನಿಮಿಷದ ಚಿತ್ರಗೀತೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಎರಡೂ ಹಿತವಾಗಿವೆ ಎನ್ನುವವನು ಎರಡನ್ನೂ ಕೇಳಿಲ್ಲ. ತನ್ನ ಮನಸ್ಸಿನ ಜೋಂಪನ್ನು ಮಾತ್ರ ಅನುಭವಿಸಿದ್ದಾನೆ.

ಈ ವಾದವನ್ನು ಒಮ್ಮೆ ಸರ್ಕಾರವೇ ಕೈಗೆತ್ತಿಕೊಂಡಿತ್ತು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ಅಭಿಮಾನಿಗಳು. ಚಿತ್ರಗೀತೆಗಳು ಜನದ ಅಭಿರುಚಿಯನ್ನು ಕೆಡಿಸುವುವೆಂದು ಅವರ ದೃಢವಾದ ನಂಬಿಕೆ. ಅವರ ಕಾಲದಲ್ಲಿ ಚಿತ್ರಗೀತೆಗಳು ಆಕಾಶವಾಣಿಯಿಂದ ಮರೆಯಾದುವು. ಜನರೇನು ಮಾಡಿದರು? ರೇಡಿಯೋದ ಮುಳ್ಳನ್ನು ಸಿಂಹಳದ ಕಡೆಗೆ ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯೆಂಬ ಹೊಸ ವಿಭಾಗವನ್ನು ತೆರೆದು ಆ ಹಾಡುಗಳನ್ನು ಮತ್ತೆ ಬರಮಾಡಿಕೊಳ್ಳಬೇಕಾಯಿತು. ಹಾರ್ಮೋನಿಯಂ ವಾದ್ಯಕ್ಕೂ ಇಂಥದೇ ಗತಿ ಬಂದಿತ್ತು. ಅದರ ಮನೆಗಳು ಸ್ಥಿರವಾದುವು, ಗಮಕಕ್ಕೆ ಬಗ್ಗುವುದಿಲ್ಲ ಎಂಬ ಕಾರಣದಿಂದ 1940ರಲ್ಲಿ ಅದನ್ನು ರೇಡಿಯೋದಿಂದ ಹೊರಗಿಟ್ಟರು; 1971ರವರೆಗೆ ಆ ನಿಷೇಧವು ಸಡಿಲಲಿಲ್ಲ. ಆ ಮೂವತ್ತು ವರುಷಗಳಲ್ಲಿ ನಮ್ಮ ಹಳ್ಳಿಗಳ ಭಜನೆಯ ಮನೆಗಳೂ ನಾಟಕದ ಕಂಪನಿಗಳೂ ಹಾರ್ಮೋನಿಯಮ್ಮನ್ನು ಬಿಡಲಿಲ್ಲ. ಅಭಿರುಚಿಯು ಆಜ್ಞೆಯಿಂದ ಹುಟ್ಟುವುದಿಲ್ಲವೆಂಬುದಕ್ಕೆ ಇವೆರಡು ನಿದರ್ಶನಗಳು ಸಾಕು.

ಆದರೆ ಆಜ್ಞೆಯು ಸೋತಿತೆಂದ ಮಾತ್ರಕ್ಕೆ ವಾದವು ಸೋಲುವುದಿಲ್ಲ. ಅದಕ್ಕೆ ಸಮಾಧಾನವನ್ನು ಬೇರೆ ಕಡೆ ಹುಡುಕಬೇಕು. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಕಂಠಧ್ವನಿಯ ಗುಣಗಳನ್ನು ಎಣಿಸುವಾಗ ಕೋಮಲ, ಸ್ನಿಗ್ಧ ಎಂಬುವನ್ನು ಹೇಳಿದ್ದಾನೆ. ಅದೇ ಪಟ್ಟಿಯಲ್ಲಿ ಗಾಢ, ಘನ ಎಂಬುವೂ ಇವೆ. ಅವನ ದೃಷ್ಟಿಯಲ್ಲಿ ಮಾರ್ದವವು ಬಲದ ಶತ್ರುವಲ್ಲ. ಈ ಮಾತಿನಲ್ಲಿ ನಮ್ಮ ಶ್ರೋತೃವಿಗೆ ಆಶ್ರಯವೂ ಉಂಟು, ಎಚ್ಚರಿಕೆಯೂ ಉಂಟು. ಮೆದುವಾದದ್ದು ಎರಡು ಬಗೆ. ಬಲವುಳ್ಳದ್ದು ತನ್ನನ್ನು ತಾನೇ ಹಿಡಿದುಕೊಂಡಾಗ ಬರುವ ಮೆದುಪು ಒಂದು. ಬಲವೇ ಇಲ್ಲದ್ದರ ಜೋಲುತನ ಇನ್ನೊಂದು.

ಮೊಳಕಾಲ್ಮೂರಿನವರಿಗೆ ಇದನ್ನು ವಿವರಿಸುವುದು ಸುಲಭ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಆ ಊರಿನ ರೇಷ್ಮೆ ಸೀರೆಯ ನುಣುಪು ಹುಟ್ಟಿನಿಂದ ಬಂದದ್ದಲ್ಲ. ಗೂಡಿನಿಂದ ಬಿಚ್ಚಿದ ಹಸಿ ರೇಷ್ಮೆ ಅಂಟು ಹಿಡಿದು ಬಿರುಸಾಗಿರುತ್ತದೆ. ಸಾಬೂನಿನ ನೀರಿನಲ್ಲಿ ಬೇಯಿಸಿ ಆ ಅಂಟನ್ನು ತೆಗೆದ ಮೇಲೆಯೇ ಅದು ಮೆದುವಾಗಿ ಹೊಳೆಯುವುದು. ವೀಣೆಯ ನುಣುಪೂ ಅಂಥದೇ. ಮೆಟ್ಟಿಲಿನ ಮೇಲೆ ತಂತಿಯನ್ನು ಓರೆಯಾಗಿ ಎಳೆದೆಳೆದು ವೈಣಿಕನ ಎಡಗೈ ಬೆರಳುಗಳಲ್ಲಿ ಗೆರೆ ಬಿದ್ದು ಜಡ್ಡುಗಟ್ಟಿರುತ್ತದೆ. ಕೇಳುವವನ ಕಿವಿಗೆ ಮಾತ್ರ ಬೆಣ್ಣೆ. ನಮ್ಮ ಕಾಡುಗೊಲ್ಲರ ಗಣೆಯನ್ನು ನೋಡಿರಿ. ಆಳುದ್ದಕ್ಕೆ ಹತ್ತಿರವಾದ ಬಿದಿರಿನ ಕೊಳಲದು. ಜುಂಜಪ್ಪನ ಕಥೆಯನ್ನು ಹಾಡುವಾಗ ಅದನ್ನು ಊದುವರು. ಅದರ ದನಿ ಮಂದ್ರವಾಗಿ, ಉಸಿರಿನಿಂದ ತುಂಬಿ, ಹೊಗೆಯಂತೆ ನೆಲದ ಮೇಲೆಯೇ ಹರಿಯುವುದು. ಅದನ್ನು ಊದಲು ಬೇಕಾಗುವ ಎದೆಯು ಚಿಕ್ಕದಲ್ಲ. ವೀಣೆಯನ್ನೂ ಗಣೆಯನ್ನೂ ಒಳ್ಳೆಯ ಚಿತ್ರಗೀತೆಯೊಂದನ್ನೂ ಒಬ್ಬನೇ ಮೆಚ್ಚಿದನೆಂದರೆ ಅವನು ತಾರತಮ್ಯವನ್ನು ಕಳೆದುಕೊಂಡವನೆಂದು ಹೇಳುವುದು ದುಡುಕು. ಮೂರರಲ್ಲಿಯೂ ಹಿಡಿತದಿಂದ ಹುಟ್ಟಿದ ಮಾರ್ದವವನ್ನು ಅವನ ಕಿವಿ ಗುರುತಿಸಿರಬಹುದು. ಅದೂ ಒಂದು ತಾರತಮ್ಯವೇ. ಗುರುತಿಸಿದನೋ ಇಲ್ಲವೋ ಎಂಬುದಕ್ಕೆ ಪರೀಕ್ಷೆಯುಂಟು: ಹತ್ತನೆಯ ಸಲ ಕೇಳಿದಾಗಲೂ ಹಾಡಿನಲ್ಲಿ ಹೊಸದೊಂದು ಕಂಡರೆ ಅದು ಮೊದಲನೆಯ ಬಗೆಯದು. ಎರಡನೆಯ ಸಲಕ್ಕೇ ಅದು ಬರಿಯ ಹಿನ್ನೆಲೆಯಾಗಿ ಕರಗಿಹೋದರೆ ಎರಡನೆಯ ಬಗೆಯದು.

ಎರಡನೆಯ ಆಕ್ಷೇಪವು ನೀತಿವಾದಿಯದು, ಇದು ಪುರಾತನವಾದದ್ದು. ಗ್ರೀಸಿನ ಪ್ಲೇಟೋ ತನ್ನ ಆದರ್ಶ ರಾಜ್ಯದ ಗ್ರಂಥದಲ್ಲಿ ಅಯೋನಿಯ ಲಿಡಿಯ ಎಂಬ ಸಡಿಲವಾದ ಮಟ್ಟುಗಳು ಪಾನಗೋಷ್ಠಿಗೆ ತಕ್ಕುವೇ ಹೊರತು ರಾಜ್ಯವನ್ನು ಕಾಯುವವರಿಗೆ ತಕ್ಕುವಲ್ಲವೆಂದು ಅವನ್ನು ಹೊರಗಟ್ಟಿದನು. ಅಮೆರಿಕದಲ್ಲಿ ಮೈಕಿನ ಮುಂದೆ ಗುನುಗುವಂತೆ ಹಾಡುವ ರೀತಿಯು ಹೊಸದಾಗಿ ಬಳಕೆಗೆ ಬಂದಾಗ, 1932ರಲ್ಲಿ ಬಾಸ್ಟನ್ನಿನ ಕಾರ್ಡಿನಲ್ ಓಕಾನೆಲ್ ಅದನ್ನು ಹೀನವೆಂದು ಖಂಡಿಸಿದರು. ಗಟ್ಟಿಯಾದ ಕೆಟ್ಟ ಸಂಗೀತಕ್ಕಿಂತ ಮೆಲುವಾದ ಒಳ್ಳೆಯ ಸಂಗೀತಕ್ಕೆ ನೀತಿವಾದಿಗಳು ಹೆಚ್ಚು ಹೆದರಿದರೆಂಬುದು ವಿಚಿತ್ರ. ಅವರ ಹೆದರಿಕೆಯ ಸಾರವಿಷ್ಟೆ: ಮಾಡಬೇಕಾದ ಕೆಲಸ ಬೆಟ್ಟದಷ್ಟಿರುವಾಗ ಮನಸ್ಸನ್ನು ಮೆದುಮಾಡಿಕೊಂಡು ಕುಳಿತುಕೊಳ್ಳುವುದು ಪುರುಷಾರ್ಥಕ್ಕೆ ಹಾನಿ.

ನಮ್ಮ ಸೀಮೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಇಲ್ಲಿ ಕಡಲೆಕಾಯಿ ಬಿತ್ತಿದವನು ಬೀಜವನ್ನು ಮಣ್ಣಿಗೂ ಕಣ್ಣನ್ನು ಮುಗಿಲಿಗೂ ಇಟ್ಟಿರುತ್ತಾನೆ. ಬರದ ಸೀಮೆಯಲ್ಲಿ ಇನಿದನಿಯನ್ನು ಸವಿಯುವುದು ಲಜ್ಜೆಗೇಡಲ್ಲವೇ ಎಂದು ಕೇಳುವವರು ಕೇಳಬಹುದು.

ಆದರೆ ಪ್ಲೇಟೋ ಅದೇ ಗ್ರಂಥದಲ್ಲಿ ಇನ್ನೊಂದು ಮಾತನ್ನೂ ಆಡಿದ್ದಾನೆ. ಬಿರುಸಾದ ಕಬ್ಬಿಣವು ಕಾದು ಮೆದುವಾದರೆ ಉಪಯೋಗಕ್ಕೆ ಬರುವಂತೆ, ಸಂಗೀತದಿಂದ ಮನುಷ್ಯನ ಕೆಚ್ಚು ಮೊದಲು ಹದಗೊಳ್ಳುವುದು. ನಿಲ್ಲಿಸದೆ ಕರಗಿಸುತ್ತ ಹೋದರೆ ಮಾತ್ರ ಅದು ಹರಿದುಹೋಗುವುದು. ಕುಲುಮೆಯ ಕೆಲಸವನ್ನು ಬಲ್ಲವರಿಗೆ ಇದರ ಸತ್ಯ ಕೂಡಲೆ ತಿಳಿಯುವುದು. ಕಾಯಿಸದೆ ಕುಡವಿಲ್ಲ, ನೇಗಿಲಿಲ್ಲ. ಬರದ ಸೀಮೆಯ ಜನ ಇದನ್ನು ತಮ್ಮ ಬಾಳಿನಲ್ಲಿಯೇ ಕಂಡಿದ್ದಾರೆ. ನಮ್ಮ ಜನಪದದ ಅತ್ಯಂತ ಕೋಮಲವಾದ ಹಾಡುಗಳು ಬಿಡುವಿದ್ದವರ ಹಾಡುಗಳಲ್ಲ. ಬೀಸುವ ಪದವು ಕೋಳಿ ಕೂಗುವುದಕ್ಕೆ ಮೊದಲೆದ್ದು ರಾಗಿ ಬೀಸಿದವರದು. ಕಳೆಯ ಪದವು ನಡು ಬಗ್ಗಿಸಿ ದುಡಿದವರದು. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕುಳಿತ ನೇಕಾರನ ವಿಷಯವೂ ಹಾಗೆಯೇ. ಅವನ ಕಾಲು ಮೆಟ್ಟಿಗೆಯ ಮೇಲೆ, ಕೈ ಲಾಳಿಯ ಮೇಲೆ, ಕಣ್ಣು ಎಳೆಯ ಮೇಲೆ, ಬಿಡುವಾಗಿರುವುದು ಕಿವಿಯೊಂದೇ. ಗೂಟಕ್ಕೆ ತೂಗುಹಾಕಿದ ರೇಡಿಯೋದಿಂದ ಒಂದು ಮೆಲುದನಿ ಬಂದರೆ ಅವನ ಕೆಲಸ ಕೆಡುವುದಿಲ್ಲ. ಅಬ್ಬರದ ಹಾಡು ಬಂದರೆ ಎಳೆ ತಪ್ಪೀತು. ಮೃದುವಾದ ಸಂಗೀತವು ಕೆಲಸಗೇಡಿಯ ಸಂಗೀತವೆಂಬ ವಾದಕ್ಕೆ ಮಗ್ಗದ ಮನೆಯೇ ಉತ್ತರ. ದುಡಿಯುವವನಿಗೆ ವಿಶ್ರಾಂತಿಯು ಭಿಕ್ಷೆಯಲ್ಲ, ಹಕ್ಕು. ಈ ಮಟ್ಟಿಗೆ ನೀತಿವಾದಿಯು ಸುಮ್ಮನಿರತಕ್ಕದ್ದು.

ಮೂರನೆಯ ಆಕ್ಷೇಪ ಇವೆರಡಕ್ಕಿಂತಲೂ ಭಾರವಾದದ್ದು. ಅದನ್ನು ಹೊರಗಿನವರು ಯಾರೂ ಎತ್ತುವುದಿಲ್ಲ. ನಮ್ಮ ಮನಸ್ಸೇ ಎತ್ತಬೇಕು.

ರೇಡಿಯೋ ದನಿಯನ್ನು ತರುತ್ತದೆ, ದನಿಯ ಒಡೆಯನನ್ನು ತರುವುದಿಲ್ಲ. ಇದೇ ಅದರ ದೊಡ್ಡ ಉಪಕಾರ, ಇದೇ ಅದರ ಅಪಾಯ. ಉಪಕಾರವೇನೆಂದರೆ, ಹಿಂದೆ ಪಂಚಾಯಿತಿಯ ಕಟ್ಟಡದಲ್ಲಿ ರೇಡಿಯೋ ನುಡಿಯುತ್ತಿದ್ದ ಕಾಲದಲ್ಲಿ ಜಗುಲಿಯ ಮೇಲೆ ಕುಳಿತು ಕೇಳಿದವರು ಕೆಲವರು, ಕೆಳಗೆ ನಿಂತು ಕೇಳಿದವರು ಕೆಲವರು. ದನಿಗೆ ಆ ಭೇದ ತಿಳಿಯಲಿಲ್ಲ. ಇಬ್ಬರ ಕಿವಿಗೂ ಅದು ಏಕಕಾಲದಲ್ಲಿ ಮುಟ್ಟಿತು. ಹಾಡುವವರ ಕುಲವನ್ನು ಕೇಳಿ ಬಾಗಿಲನ್ನು ತೆರೆಯುತ್ತಿದ್ದ ಮನೆಗಳಲ್ಲಿ, ಕುಲವನ್ನು ಕೇಳುವುದಕ್ಕೆ ಮೊದಲೇ ಹಾಡು ಒಳಗೆ ಬಂದು ಕುಳಿತಿತ್ತು. ಅಪಾಯವೇನೆಂದರೆ, ಹಾಗೆ ಬಂದ ದನಿಯನ್ನು ಸವಿದು ಅದರ ಹಿಂದಿರುವ ಬಾಳನ್ನು ಬಾಗಿಲ ಹೊರಗೇ ಬಿಡುವುದು ಅಷ್ಟೇ ಸುಲಭವಾಯಿತು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿಯೆಂಬ ಹಾಡುಗಾರ್ತಿ ಇದ್ದರು. ಅಕ್ಷರ ಕಲಿತವರಲ್ಲ, ಸಾವಿರಾರು ಹಾಡುಗಳು ಅವರ ನೆನಪಿನಲ್ಲಿದ್ದುವು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಹಟ್ಟಿಗೆ ಹೋಗಿ, ಅವರೆದುರಿಗೆ ಕುಳಿತು, ಆ ಹಾಡುಗಳನ್ನು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. ಅಂಥ ಹಟ್ಟಿಗಳಲ್ಲಿ ಹುಟ್ಟಿದ ಲಾಲಿಯೊಂದು ರೇಡಿಯೋದಲ್ಲಿ ಬಂದರೆ ನಾವು ಎಷ್ಟು ಹಿತವಾಗಿದೆ ಎನ್ನುತ್ತೇವೆ. ಆದರೆ ಕಾಡುಗೊಲ್ಲರ ಹಲವು ಹಟ್ಟಿಗಳಲ್ಲಿ ಬಾಣಂತಿಯನ್ನು ಹಸುಗೂಸಿನೊಡನೆ ಹಟ್ಟಿಯಾಚೆಯ ಗುಡಿಸಿಲಿನಲ್ಲಿರಿಸುವ, ಮುಟ್ಟಾದ ಹೆಂಗಸನ್ನು ಊರಿನ ಹೊರಗಿಡುವ ಪದ್ಧತಿಯು ಈಚಿನವರೆಗೂ ನಡೆದುಬಂದಿದೆ. ಗಾಳಿಮಳೆಗಳ ನಡುವೆ ಗುಡಿಸಿಲಿನಲ್ಲಿ ಕೂಸನ್ನು ಮಲಗಿಸಿಕೊಂಡವಳ ದನಿಯೂ ಮೆಲುವಾಗಿಯೇ ಇದ್ದೀತು. ಆ ಮಾರ್ದವವು ಸುಖದಿಂದ ಹುಟ್ಟಿದ್ದಲ್ಲ. ಇದನ್ನು ಹೇಳುವಾಗ ಹಟ್ಟಿಯವರ ಕಡೆಗೆ ಮಾತ್ರ ಬೆರಳನ್ನು ತೋರಿಸುವುದು ನ್ಯಾಯವಲ್ಲ. ಓದುಬಲ್ಲವರ ಮನೆಗಳಲ್ಲಿಯೂ ಹಿತ್ತಿಲ ಕೋಣೆಗಳಿದ್ದುವು, ಮೂರು ದಿನದ ಹೊರಗಿತ್ತು, ಮಡಿಯ ಹೆಸರಿನಲ್ಲಿ ಬೆಳಗಿನಿಂದ ಬಾಯಿ ಮುಚ್ಚಿಕೊಂಡಿದ್ದ ಹೆಂಗಸರಿದ್ದರು. ದೇವರ ಮನೆಯ ಹೊಸ್ತಿಲಲ್ಲಿ ಅವರು ಗುನುಗಿದ ದಾಸರ ಪದಗಳೂ ಇನಿದಾಗಿಯೇ ಇದ್ದುವು.

ಇಲ್ಲಿ ತಳುಕಿನ ಮನೆತನದ ತ. ರಾ. ಸುಬ್ಬರಾಯರು 1952ರಲ್ಲಿ ಪ್ರಕಟಿಸಿದ ಹಂಸಗೀತೆಯು ನೆನಪಿಗೆ ಬರುವುದು. ಚಿತ್ರದುರ್ಗದ ಪಾಳೆಯಗಾರರ ಕೊನೆಗಾಲದ ಸಂಗೀತಗಾರನಾದ ಭೈರವಿ ವೆಂಕಟಸುಬ್ಬಯ್ಯನ ಕಥೆಯದು. ದೇವರಿಗರ್ಪಿಸಿದ ಸಂಗೀತವನ್ನು ಅರಸನ ಅಪ್ಪಣೆಗೆ ಒಪ್ಪಿಸುವುದಕ್ಕಿಂತ ನಾಲಗೆಯನ್ನು ಕಳೆದುಕೊಳ್ಳುವುದು ಮೇಲೆಂದು ಬಗೆದವನು ಅವನು. ಈ ಕಥೆ ನಮ್ಮ ಸೀಮೆಯ ಜನರ ಮನಸ್ಸಿನಲ್ಲಿ ನಿಂತಿರುವುದೇಕೆ? ದನಿಯು ಒಬ್ಬ ಮನುಷ್ಯನ ಬಾಳಿಗೆ ಅಂಟಿಕೊಂಡದ್ದು. ಅದನ್ನು ಬಾಳಿನಿಂದ ಕಿತ್ತು ತರಿಸಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲವೆಂಬ ಸತ್ಯವನ್ನು ಅದು ಹೇಳುತ್ತದೆ. ಆದರೆ ರೇಡಿಯೋದ ತಿರುಪನ್ನು ಹಿಡಿದವನು ತಾನೊಬ್ಬ ಸಣ್ಣ ಪಾಳೆಯಗಾರನಂತೆ ವರ್ತಿಸಬಲ್ಲ. ಹಾಡು ಎಂದರೆ ಹಾಡಬೇಕು, ಸಾಕು ಎಂದರೆ ನಿಲ್ಲಿಸಬೇಕು. ಹಾಡಿದವರು ಯಾರೆಂದು ಕೇಳುವ ಅಗತ್ಯವೂ ಅವನಿಗಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಲಾಲಿಯನ್ನು ಕೇಳಿ ಸುಖಿಸುವುದು ಅಪರಾಧವೆಂದು ಹೇಳೋಣವೇ? ಅದು ಸಲ್ಲದು. ದಣಿದವನ ಹಾಡಿನ ಮೇಲೆ ಕಂದಾಯ ಹೇರುವ ನೀತಿಯು ಯಾರಿಗೂ ಉಪಕಾರವನ್ನು ಮಾಡದು. ಆದರೆ ಕಂದಾಯವೇ ಬೇರೆ, ಋಣವೇ ಬೇರೆ. ಕಂದಾಯವನ್ನು ಮತ್ತೊಬ್ಬರು ಕಟ್ಟಿಸಿಕೊಳ್ಳುವರು. ಋಣವನ್ನು ಪಡೆದವನೇ ನೆನೆಯಬೇಕು. ನಮ್ಮ ಆಲಂಕಾರಿಕರು ಮಾಧುರ್ಯವೆಂಬ ಗುಣವನ್ನು ಚಿತ್ತದ ದ್ರುತಿಯೆಂದು ವಿವರಿಸಿದರು. ದ್ರುತಿಯೆಂದರೆ ಕರಗುವಿಕೆ. ಕರಗಿದ ವಸ್ತುವಿಗೆ ಒಂದು ಧರ್ಮವುಂಟು. ಅದು ಇದ್ದಲ್ಲಿ ಇರಲಾರದು, ಹರಿಯಬೇಕು. ಹರಿಯದೆ ನಿಂತರೆ ಮತ್ತೆ ಹೆಪ್ಪುಗಟ್ಟುವುದು. ಹಾಡನ್ನು ಕೇಳಿ ಕರಗಿದ ಮನಸ್ಸು, ಹಾಡು ಮುಗಿದೊಡನೆ ಹಿಂದಿನ ಅಚ್ಚಿನಲ್ಲಿಯೇ ಹೆಪ್ಪುಗಟ್ಟಿದರೆ, ಅದು ಪಡೆದದ್ದು ಮೊದಲನೆಯ ಅರ್ಥದ ಹಿತ ಮಾತ್ರ. ಯಾರ ದನಿಯಿಂದ ಕರಗಿತೋ ಅವರ ಕಡೆಗೆ ಒಂದು ಗೇಣಾದರೂ ಹರಿದರೆ ಎರಡನೆಯ ಅರ್ಥವೂ ಕೈಗೂಡುವುದು.

ಈ ಋಣದ ತೀರಿಕೆಯು ದೊಡ್ಡ ಮಾತುಗಳಿಂದಾಗತಕ್ಕದ್ದಲ್ಲ. ಹಾಡಿಗೆ ಮೊದಲು ಉದ್ಘೋಷಕರು ಹೇಳುವ ಹೆಸರುಗಳನ್ನು ಕೇಳಿಸಿಕೊಳ್ಳುವುದು ಅದರ ಮೊದಲ ಕಂತು. ಹಾಡಿದವರ ಹೆಸರು, ಬರೆದವರ ಹೆಸರು, ಪಕ್ಕವಾದ್ಯದವರ ಹೆಸರು, ಇವು ಹಾಡಿನ ಹೊರಗಿನ ಸಂಗತಿಗಳಲ್ಲ. ಹಾಡನ್ನು ಮುಗಿಯುವವರೆಗೂ ಕೇಳುವುದು ಎರಡನೆಯದು. ಮೂರನೆಯದು ಕಷ್ಟವಾದದ್ದು: ಕಿವಿಯು ಒಪ್ಪಿಕೊಂಡದ್ದನ್ನು ಕಾಲೂ ಕೈಯೂ ಒಪ್ಪಿಕೊಳ್ಳುವುದು. ಗಣೆಯ ನಾದಕ್ಕೆ ಮೈಮರೆತವನು ಹಟ್ಟಿಯಿಂದ ಬಂದ ಹುಡುಗನಿಗೆ ಬಾಡಿಗೆಯ ಕೋಣೆಯನ್ನು ಕೊಡುವುದಕ್ಕೆ ಕುಲವನ್ನು ಕೇಳುವುದಾದರೆ, ಅವನ ಕಿವಿಗೂ ಹೊಸ್ತಿಲಿಗೂ ಒಪ್ಪಂದವಾಗಿಲ್ಲವೆಂದೇ ತಿಳಿಯಬೇಕು. ಲಾಲಿಗೆ ಕಣ್ಣು ತೇವ ಮಾಡಿಕೊಂಡವರು, ಬಾಣಂತಿಯು ಮನೆಯೊಳಗೇ ಮಲಗಲೆಂದು ಒಂದು ಮಾತಾಡುವ ಸಂದರ್ಭ ಬಂದಾಗ ಸುಮ್ಮನಿದ್ದರೆ, ಆ ಕಣ್ಣೀರಿಗೆ ಬೆಲೆಯೆಷ್ಟು?

ಈ ಮಾತು ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನು ಬರೆಯಿಸಿದ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು ಎಂದು ಬ್ರಹ್ಮಗಿರಿಯ ಬಂಡೆ ಹೇಳುತ್ತದೆ. ನೆರೆಯ ಆಂಧ್ರದ ಎರ್ರಗುಡಿಯಲ್ಲಿ ಅದೇ ದೊರೆಯ ದೊಡ್ಡ ಶಾಸನಗಳಿವೆ. ಅವುಗಳಲ್ಲಿ ಹನ್ನೆರಡನೆಯದು, ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ತೆಗಳುವ ನಾಲಗೆಯನ್ನು ಹಿಡಿದುಕೊಂಡು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕೆಂದು ಬೋಧಿಸುತ್ತದೆ. ಮಾತಿನ ಸಂಯಮವೂ ಕೇಳುವ ಬುದ್ಧಿಯೂ ಒಂದಕ್ಕೊಂದು ಹೆಣೆದುಕೊಂಡಿವೆಯೆಂದು ಆ ಅರಸನು ಕಂಡುಕೊಂಡನು. ಯುದ್ಧದ ಭೇರಿಯ ಘೋಷವು ಧರ್ಮದ ಘೋಷವಾಯಿತೆಂದು ಹೇಳಿಕೊಂಡವನೂ ಅವನೇ. ಅಬ್ಬರದಿಂದ ಮೆಲುದನಿಗೆ ಇಳಿಯುವುದು ದುರ್ಬಲನ ಲಕ್ಷಣವಲ್ಲವೆಂಬುದಕ್ಕೆ ಕಳಿಂಗವನ್ನು ಗೆದ್ದವನ ಮಾತಿಗಿಂತ ಬೇರೆ ಸಾಕ್ಷಿಯು ಬೇಕಾಗಲಾರದು.

ಈಗಿನ ಕಾಲದ ಒಂದು ಮಾತನ್ನು ಸೇರಿಸಬೇಕಾಗಿದೆ. ಕೈಯಲ್ಲಿ ಹಿಡಿಯುವ ಫೋನಿನಲ್ಲಿ ಹಾಡುಗಳು ಲಕ್ಷಗಟ್ಟಲೆ ದೊರೆಯುವ ದಿನಗಳಿವು. ಹಿತವಾದದ್ದು ಬೇಕೆಂದರೆ ಆ ಯಂತ್ರವು ನಾವು ಹಿಂದೆ ಕೇಳಿ ಮೆಚ್ಚಿದುದನ್ನು ನೋಡಿ, ಅಂಥವನ್ನೇ ಹೆಕ್ಕಿ, ಒಂದರ ಹಿಂದೊಂದು ಬಡಿಸುತ್ತದೆ. ಸೌಕರ್ಯವೇನೋ ಹೌದು. ಆದರೆ ಅದು ತನ್ನ ಎಲೆಯಲ್ಲಿ ತಾನೇ ಬಡಿಸಿಕೊಂಡು ಉಣ್ಣುವಂತೆ. ರೇಡಿಯೋದ ವೇಳಾಪಟ್ಟಿಯಲ್ಲಿ ನಮ್ಮ ಇಷ್ಟಕ್ಕೆ ಅಷ್ಟು ಸಲಿಗೆಯಿಲ್ಲ. ವೀಣೆಯ ಬೆನ್ನಿಗೆ ಕೃಷಿವಾರ್ತೆ, ಅದರ ಬೆನ್ನಿಗೆ ಕೇಳದ ಊರಿನ ಕೇಳದ ಹೆಂಗಸರ ಸೋಬಾನೆ ಪದ. ನಾವು ಕರೆಯದೆ ಬಂದದ್ದು ಅದು. ತಿಥಿಯನ್ನು ಗೊತ್ತುಮಾಡದೆ ಬರುವವನನ್ನು ಅತಿಥಿಯೆಂದು ನಮ್ಮವರು ಕರೆದರು. ಅವನನ್ನು ಸತ್ಕರಿಸುವುದನ್ನು ಮನೆಯೊಡೆಯನ ನಿತ್ಯದ ಯಜ್ಞಗಳಲ್ಲಿ ಸೇರಿಸಿದರು. ನೆಂಟರನ್ನು ಪಟ್ಟಿ ಮಾಡಿ ಕರೆಯುವವನಿಗೆ ಆ ಪುಣ್ಯವಿಲ್ಲ. ಹಲವು ಜಾತಿಯ ಸಂಗೀತಗಳಲ್ಲಿ ಇನಿದನ್ನು ಕಂಡು ಸವಿಯಬಲ್ಲ ನಮ್ಮ ಶ್ರೋತೃವು ಅಂಥ ಅತಿಥಿಗಳನ್ನು ಬಹುಕಾಲ ಕಂಡವನು. ವಿದ್ವಾಂಸನು ಅವನಿಗೆ ರಸಿಕನೆಂಬ ಬಿರುದನ್ನು ಕೊಡದಿದ್ದರೂ ಚಿಂತೆಯಿಲ್ಲ. ಅವನ ಕಿವಿಗೆ ಗೃಹಸ್ಥನ ಮರ್ಯಾದೆಯಾದರೂ ಸಲ್ಲಬೇಕು.

ಹಿತವೆಂಬ ಶಬ್ದದ ಎರಡು ಅರ್ಥಗಳನ್ನು ನಮ್ಮ ಹಿರಿಯರು ಬಿಡಿಸದೆ ಹಾಗೆಯೇ ಬಿಟ್ಟದ್ದು ಅಜಾಗರೂಕತೆಯಿಂದಲ್ಲವೆಂದು ಈಗ ಹೇಳಬಹುದೆಂದು ತೋರುತ್ತದೆ. ಸುಖವು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬಂದ ಸುಖವನ್ನು ಎಲ್ಲಿಗೆ ಒಯ್ದೆವೆಂಬುದರಿಂದ ಅದರ ಹೆಸರು ನಿಶ್ಚಯವಾಗುವುದು. ಇನಿದಾದ ದನಿ ನಮ್ಮ ಮನೆಗೆ ಬಂದಿದೆ. ಅದು ಬಂದ ದಾರಿಯಲ್ಲಿ ಒಮ್ಮೆಯಾದರೂ ನಾವು ನಡೆದು, ಆ ದನಿಯ ಮನೆಯವರೆಗೆ ಹೋಗಿ ಬರಬೇಕು. ಚಳ್ಳಕೆರೆಯಿಂದ ಗೊಲ್ಲರಹಟ್ಟಿಗೆ, ಮೊಳಕಾಲ್ಮೂರಿನ ಪೇಟೆಯಿಂದ ಮಗ್ಗದ ಕೇರಿಗೆ ಆ ದಾರಿ ಬಹಳ ದೂರವಿಲ್ಲ.